ಡೆಲ್ಟಾ-01: ಬಿಡಿಭಾಗ ಸಿಗದ ಯಂತ್ರದ ಮನೆ

ಮಗಳ ಮನೆಗೆಂದು ಅಮೆರಿಕಕ್ಕೆ ಬಂದ ಅಪ್ಪ ಅಮ್ಮಂದಿರನ್ನು ಯಾರೂ ಅಣ್ವಸ್ತ್ರ ಕ್ಷಿಪಣಿ ತೋರಿಸಲು ಕರೆದೊಯ್ಯುವುದಿಲ್ಲ. ನಾನೇ ಹಟ ಹಿಡಿದೆ. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕರೆ ಜೋಡಿಸುವ ರಿಲೇ ಸ್ವಿಚ್ಚು ಉಜ್ಜಿದವನಿಗೆ ಜಲಪಾತಕ್ಕಿಂತ ಹಳೆಯ ರ‍್ಯಾಕುಗಳ ಮೇಲೆ ಆಸೆ ಹೆಚ್ಚು.

ಮಿನಿಟ್‌ಮನ್ ಕ್ಷಿಪಣಿ ರಾಷ್ಟ್ರೀಯ ಐತಿಹಾಸಿಕ ತಾಣ ಇರುವುದು ದಕ್ಷಿಣ ಡಕೋಟಾದ ಹುಲ್ಲುಗಾವಲಿನಲ್ಲಿ, ಐ-90 ಹೆದ್ದಾರಿಯುದ್ದಕ್ಕೂ ಮೂರು ಕಡೆ ಹಂಚಿಕೊಂಡು. 131ನೇ ನಿರ್ಗಮನದಲ್ಲಿ ವಸ್ತುಸಂಗ್ರಹಾಲಯ, 127ರಲ್ಲಿ ಡೆಲ್ಟಾ-01 ಎಂಬ ಉಡಾವಣಾ ನಿಯಂತ್ರಣ ಕೇಂದ್ರ, 116ರಲ್ಲಿ ಡೆಲ್ಟಾ-09 ಎಂಬ ಕ್ಷಿಪಣಿ ಬಾವಿ. ಮೊದಲನೆಯದಕ್ಕೂ ಕೊನೆಯದಕ್ಕೂ ದುಡ್ಡಿಲ್ಲ. ಡೆಲ್ಟಾ-01ಕ್ಕೆ ನಾವು ಹೋದಾಗ ತಲೆಗೆ 12 ಡಾಲರ್. ಒಮ್ಮೆಗೆ ಆರೇ ಜನರನ್ನು ಇಳಿಸುವುದರಿಂದ ಮುಂಚಿತವಾಗಿ ಕಾಯ್ದಿರಿಸಲೇಬೇಕು. ಲಿಫ್ಟ್ ಕೆಟ್ಟರೆ ಏಣಿ ಹತ್ತಿ ಬರುವ ಶಕ್ತಿ ಇರಬೇಕೆಂಬ ಷರತ್ತೂ ಉಂಟು. ಅದನ್ನು ಓದಿದ ಹೆಂಡತಿ ಮಂಡಿ ಸವರಿಕೊಂಡು, "ನೀವೇ ಹೋಗಿ ಬನ್ನಿ" ಎಂದು ಕಾರಿನಲ್ಲೇ ಉಳಿದಳು.

ಹೊರಗಿನಿಂದ ಡೆಲ್ಟಾ-01 ಒಂದು ಸಾಧಾರಣ ತೋಟದ ಮನೆ. ಅಡುಗೆಮನೆ, ಟಿವಿ, ಮಲಗುವ ಕೋಣೆಗಳು. ಲಿಫ್ಟ್ 31 ಅಡಿ ಇಳಿದು ನಿಂತಾಗ ಎದುರಿಗೆ ಎಂಟು ಟನ್ ತೂಕದ ಬಾಗಿಲು, ಅದರ ಮೇಲೆ ಪಿಜ್ಜಾ ಡಬ್ಬಿಯ ಚಿತ್ರ: ಜಗತ್ತಿನ ಎಲ್ಲಿಗಾದರೂ ಮೂವತ್ತು ನಿಮಿಷದೊಳಗೆ ತಲುಪಿಸುತ್ತೇವೆ, ತಪ್ಪಿದರೆ ಮುಂದಿನದು ಪುಕ್ಕಟೆ. ನಮ್ಮ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯ ಬಾಗಿಲಿನ ಹಿಂದೆಯೂ ರಾತ್ರಿ ಪಾಳಿಯವರು ಪದ್ಯ ಗೀಚಿಡುತ್ತಿದ್ದರು. ನಿದ್ದೆಗೆಟ್ಟವರ ಹಾಸ್ಯಕ್ಕೆ ದೇಶಭಾಷೆಗಳ ಭೇದವಿಲ್ಲ.

ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಒಳಗೆ ಇಬ್ಬರು ಅಧಿಕಾರಿಗಳು, 24 ಗಂಟೆಯ ಪಾಳಿ, ಅವರ ಸುಪರ್ದಿಯಲ್ಲಿ ಹತ್ತು ಕ್ಷಿಪಣಿ. ಹಳಿಯ ಮೇಲೆ ಜಾರುವ, ಬೆಲ್ಟು ಬಿಗಿಯುವ ಕುರ್ಚಿಗಳು. ಉಡಾವಣಾ ಕೀಲಿಗಳನ್ನಿಡುವ ಕೆಂಪು ಪೆಟ್ಟಿಗೆಗೆ ಎರಡು ಬೀಗ. ಒಬ್ಬನೇ ಕೈಚಾಚಿ ಎರಡೂ ಕೀಲಿ ತಿರುಗಿಸಲಾಗದಷ್ಟು ದೂರದಲ್ಲಿ ಎರಡು ಮೇಜು. ಉಳಿದವರು ಕೀಲಿಯ ಫೋಟೊ ತೆಗೆಯುವುದರಲ್ಲಿದ್ದರು. ನಾನು ರ‍್ಯಾಕಿನ ಮುಂದೆ ನಿಂತೆ. ಹಿಡಿಕೆ ಹಿಡಿದು ಎಳೆದರೆ ಹೊರಬರುವ ಡ್ರಾಯರುಗಳು, ಬೆರಳಿಗೆ ಸಿಗುವ ಸ್ವಿಚ್ಚುಗಳು, ಪುಟ್ಟ ದೀಪಗಳು. ಕೈ ತಾನಾಗಿ ಮುಂದೆ ಹೋಯಿತು. ಮಾರ್ಗದರ್ಶಕರು ನಗುತ್ತಲೇ ತಡೆದರು.

ಇಲ್ಲಿನ ಕೆಲಸ 1991ರಲ್ಲಿ ನಿಂತಿತು. ಆ ವರ್ಷ ಸೋವಿಯತ್ ಒಕ್ಕೂಟದೊಂದಿಗೆ ಅಣ್ವಸ್ತ್ರ ಕಡಿತದ ಸ್ಟಾರ್ಟ್ ಒಪ್ಪಂದವಾಗಿ, ಈ ಸೀಮೆಯ 150 ಮಿನಿಟ್‌ಮನ್-2 ಕ್ಷಿಪಣಿಗಳಿಗೆ ನಿವೃತ್ತಿ ಸಿಕ್ಕಿತು. ಇವುಗಳ ತಮ್ಮಂದಿರಾದ ಮಿನಿಟ್‌ಮನ್-3ಕ್ಕೆ ಇನ್ನೂ ಸಿಕ್ಕಿಲ್ಲ. 1970ರಿಂದ ಮುಂದಕ್ಕೆ, ಹತ್ತು ವರ್ಷ ಬಾಳಿದರೆ ಸಾಕೆಂದು ನೆಲದೊಳಗೆ ಇಳಿಸಿದವು. ಮೊಂಟಾನಾ, ಉತ್ತರ ಡಕೋಟಾ, ವಯೋಮಿಂಗ್ ಸುತ್ತಮುತ್ತ ಸುಮಾರು 400 ಈಗಲೂ ಪಾಳಿಯಲ್ಲಿವೆ. ಮೋಟಾರುಗಳ ಹಳೆಯ ಘನ ಇಂಧನ ತೆಗೆದು ಹೊಸದನ್ನು ತುಂಬಿದರು, ದಾರಿ ತೋರಿಸುವ ಎಲೆಕ್ಟ್ರಾನಿಕ್ಸ್ ಬದಲಿಸಿದರು. ಆದೇಶ ರವಾನಿಸುವ ಜಾಲದಲ್ಲಿ ಮಾತ್ರ ಎಪ್ಪತ್ತರ ದಶಕದ ಐಬಿಎಂ ಕಂಪ್ಯೂಟರೂ ಊಟದ ತಟ್ಟೆಯಷ್ಟಗಲದ ಮಾಹಿತಿ ತುಂಬಿಡುವ ಎಂಟು ಇಂಚಿನ ಫ್ಲಾಪಿ ಡಿಸ್ಕೂ ಉಳಿದಿದ್ದವು. ಫ್ಲಾಪಿಗೆ ಮುಕ್ತಿ ಸಿಕ್ಕಿದ್ದು 2019ರಲ್ಲಿ. ಕೇಳಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಎಲ್ಲೋ ಒಂದು ಎಕ್ಸ್‌ಚೇಂಜ್ ಮುಚ್ಚಿತೆಂದು ಗೊತ್ತಾದರೆ ಸಾಕು, ಗೋಣಿಚೀಲ ಹಿಡಿದು ಹೋಗಿ ಅದರ ಕರೆ ಜೋಡಿಸುವ ಸೆಲೆಕ್ಟರುಗಳನ್ನು ಬಿಚ್ಚಿ ತಂದು ನಮ್ಮದಕ್ಕೆ ಹಾಕುತ್ತಿದ್ದೆವು. ಕಾರ್ಖಾನೆ ತಯಾರಿಕೆ ನಿಲ್ಲಿಸಿದ ಮೇಲೆ ಹೆಣವೇ ಅಂಗಡಿ.

"ಹೊಸದನ್ನೇ ಮಾಡಿಬಿಡಬಹುದಲ್ಲವೇ, ಮಾವ?" ಎಂದು ಅಳಿಯ ಕೇಳಿದ. ಮಾಡುತ್ತಿದ್ದಾರೆ, ಸೆಂಟಿನೆಲ್ ಎಂದು ಹೆಸರು. 2024ರ ಜುಲೈ ಹೊತ್ತಿಗೆ ಅದರ ಅಂದಾಜು ವೆಚ್ಚ ಶೇ. 81ರಷ್ಟು ಏರಿ ಸುಮಾರು 141 ಶತಕೋಟಿ ಡಾಲರಿಗೆ ಮುಟ್ಟಿತ್ತು. ಏರಿಕೆಯ ದೊಡ್ಡ ಪಾಲು ಕ್ಷಿಪಣಿಯದ್ದಲ್ಲ, ನೆಲದ್ದು: ನಿಯಂತ್ರಣ ಕೇಂದ್ರ, ಬಾವಿ, ಅವುಗಳ ನಡುವಿನ ಸಾವಿರಾರು ಮೈಲಿ ತಂತಿ. ಹಳೆಯ ಬಾವಿಗಳನ್ನೇ ಬಳಸುವ ಯೋಚನೆಯಿತ್ತು. 2025ರಲ್ಲಿ ವಾಯುಪಡೆ ಬಹುಪಾಲು ಹೊಸದಾಗಿಯೇ ತೋಡಬೇಕಾಗುತ್ತದೆ ಎಂದಿತು. ಇದನ್ನು ನಮ್ಮ ಯಾವ ಲೈನ್‌ಮನ್ ಆದರೂ ಮೊದಲೇ ಹೇಳುತ್ತಿದ್ದ. ಎಕ್ಸ್‌ಚೇಂಜನ್ನು ನಾವು ಒಂದೇ ರಾತ್ರಿಯಲ್ಲಿ ಹಳೆಯದರಿಂದ ಹೊಸದಕ್ಕೆ ಬದಲಿಸಿದ್ದೇವೆ. ರಸ್ತೆ ಕೆಳಗಿನ ಕೇಬಲ್ಲಿಗೆ ವರ್ಷಗಟ್ಟಲೆ ಹಿಡಿಯಿತು.

ಡೆಲ್ಟಾ-09ರಲ್ಲಿ ಏಣಿಯ ಷರತ್ತಿಲ್ಲ, ಹೆಂಡತಿಯೂ ಇಳಿದು ಬಂದಳು. 90 ಟನ್ನಿನ ಮುಚ್ಚಳವನ್ನು ಅರ್ಧ ತೆರೆದು ಗಾಜು ಹಾಕಿದ್ದಾರೆ. ಒಳಗೆ ತರಬೇತಿಗೆ ಬಳಸುತ್ತಿದ್ದ ಖಾಲಿ ಕ್ಷಿಪಣಿ. ಬಿಸಿಲು ಗಾಜಿನಲ್ಲಿ ಪ್ರತಿಫಲಿಸುವುದರಿಂದ ಎರಡು ಕೈ ಮರೆಮಾಡಿಕೊಂಡು ಬಗ್ಗಿ ನೋಡಬೇಕು. ಎಷ್ಟು ಆಳ ಎಂದು ಕೇಳಿದಳು. ಎಂಬತ್ತು ಅಡಿ ಎಂದೆ.

"ಅಷ್ಟೇನಾ? ನಮ್ಮ ಕೋಲಾರದಲ್ಲಿ ಅಷ್ಟಕ್ಕೆ ಮಣ್ಣೂ ಒದ್ದೆಯಾಗುವುದಿಲ್ಲ" ಎಂದು ಕಾರಿಗೆ ಹೊರಟಳು.

ಬೇಸಿಗೆಯಲ್ಲೂ ಗಾಳಿ ಬಿರುಸು, ಟೋಪಿ ಹಾರಿಹೋಗುತ್ತದೆ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಉಳಿದ ಅರ್ಧ, ಆ ಡ್ರಾಯರನ್ನು ಒಮ್ಮೆ ಎಳೆದು ನೋಡಲು ಬಿಟ್ಟ ದಿನ ಕೊಡುತ್ತೇನೆ.