ಗುಡಾರದ ಮಾದರಿ ಕಿಟ್: ಅಳತೆ ಸರಿ, ಬೆಳ್ಳಿ ಎಲ್ಲಿ?

ಐಗುಪ್ತದ (ಈಜಿಪ್ಟಿನ) ದಾಸತ್ವ ಬಿಟ್ಟು ಹೊರಟ ಇಸ್ರಾಯೇಲರು ಮರುಭೂಮಿಯಲ್ಲಿ ದೇವರಿಗಾಗಿ ಕಟ್ಟಿ, ಬಿಚ್ಚಿ ಒಯ್ಯುತ್ತಿದ್ದದ್ದು ದೇವದರ್ಶನದ ಗುಡಾರ. ಬೈಬಲಿನ ಎರಡನೆಯ ಪುಸ್ತಕ ವಿಮೋಚನಕಾಂಡ ವರ್ಣಿಸುವ ಆ ಗುಡಾರವನ್ನು ಮಕ್ಕಳ ಕೈಯಲ್ಲೇ ಕಟ್ಟಿಸಬಹುದಾದ ಮರದ ಕಿಟ್ ಇದು. ಒಂದು ಮೊಳಕ್ಕೆ ಒಂದು ಸೆಂಟಿಮೀಟರ್ ಲೆಕ್ಕ. 100 ಮೊಳ ಉದ್ದ, 50 ಮೊಳ ಅಗಲದ ಅಂಗಳ ಒಂದು ಮೀಟರಿಗೆ ಅರ್ಧ ಮೀಟರ್ ಆಗುತ್ತದೆ. ಇಡೀ ಮೇಜನ್ನೇ ಬಿಟ್ಟುಕೊಡಬೇಕು. ಆದರೆ ಈ ಲೆಕ್ಕ ಹಿಡಿದದ್ದೇ ಜಾಣತನ. ಒಂದು ಕೈಯಲ್ಲಿ ಬೈಬಲ್, ಇನ್ನೊಂದರಲ್ಲಿ ಸ್ಕೇಲು ಹಿಡಿದು ಯಾವ ತುಂಡನ್ನು ಬೇಕಾದರೂ ತಾಳೆ ನೋಡಬಹುದು.

ತಾಳೆ ನೋಡಿದರೆ ಹೆಚ್ಚಿನದೆಲ್ಲ ಸರಿಯೇ. ಚೌಕಟ್ಟುಗಳು 48: ದಕ್ಷಿಣಕ್ಕೆ 20, ಉತ್ತರಕ್ಕೆ 20, ಪಶ್ಚಿಮಕ್ಕೆ ಮೂಲೆಯ ಎರಡೂ ಸೇರಿ 8. ಒಂದೊಂದೂ 10 ಸೆಂ.ಮೀ. ಎತ್ತರ, ಒಂದೂವರೆ ಸೆಂ.ಮೀ. ಅಗಲ. ಅಂಗಳದ ಕಂಬಗಳು 60. ಕಂಬ ನೆಡುವಾಗ ಮೂಲೆಯ ಕಂಬವನ್ನು ಎರಡೂ ಬದಿಗೆ ಎಣಿಸಿಕೊಂಡರೆ ಕೊನೆಯಲ್ಲಿ ನಾಲ್ಕು ಕಂಬ ಉಳಿದುಬಿಡುತ್ತವೆ. ಸುತ್ತಳತೆ 300, ಕಂಬ 60, ಐದೈದು ಸೆಂ.ಮೀ.ಗೆ ಒಂದು; ಹೀಗೆ ಗುರುತು ಹಾಕಿಕೊಂಡೇ ಶುರುಮಾಡಿ.

ಹಿಂಗೋಡೆ ಮಾತ್ರ ಎಲ್ಲರನ್ನೂ ತಬ್ಬಿಬ್ಬು ಮಾಡುತ್ತದೆ. ಎಂಟು ಚೌಕಟ್ಟು ಸೇರಿ 12 ಸೆಂ.ಮೀ., ಆದರೆ ಒಳಗಿನ ಅಗಲವನ್ನು ಕಿಟ್ 10 ಎಂದು ಹಿಡಿದಿದೆ. ಚೌಕಟ್ಟಿನ ದಪ್ಪ ಎಷ್ಟೆಂದು ಬೈಬಲ್ ಹೇಳುವುದಿಲ್ಲ. ಯೆಹೂದಿ ವ್ಯಾಖ್ಯಾನಕಾರ ರಾಶಿ ಅದನ್ನು ಒಂದು ಮೊಳ ಎಂದು ಲೆಕ್ಕಹಾಕುತ್ತಾನೆ. ಆಗ ಹೊರಗೆ 12, ಒಳಗೆ 10, ಲೆಕ್ಕ ಚೊಕ್ಕ. ಕಿಟ್‌ನ ಚೌಕಟ್ಟು ಬರೀ 3 ಮಿ.ಮೀ. ಹಾಗಾಗಿ ಹಿಂಗೋಡೆ ಎರಡೂ ಕಡೆ 7 ಮಿ.ಮೀ. ಚಾಚಿಕೊಳ್ಳುತ್ತದೆ. ತಮ್ಮದೇ ತಪ್ಪೆಂದುಕೊಂಡು ಮೂಲೆಯ ತುಂಡನ್ನು ಅರದಿಂದ ಉಜ್ಜಬೇಡಿ. ಅದು ಹಾಗೇ ಇರಲಿ.

ಬಟ್ಟೆ ಹೊದಿಸುವಾಗ ಎಚ್ಚರ. ನಾರಿನ ಬಟ್ಟೆ 40ಕ್ಕೆ 28 ಸೆಂ.ಮೀ. ಐದೈದು ಪರದೆಗಳ ಎರಡು ಕಟ್ಟುಗಳನ್ನು 50 ಚಿನ್ನದ ಕೊಂಡಿಗಳಿಂದ ಜೋಡಿಸಿದ್ದು ಎಂಬುದನ್ನು ನಡುವೆ ಹಳದಿ ಗೆರೆ ಎಳೆದು ತೋರಿಸಿದ್ದಾರೆ. ಇದನ್ನು ಮೇಜಿನ ಬಟ್ಟೆಯಂತೆ ಹಿಂದೆ ಮುಂದೆ ಸಮನಾಗಿ ಇಳಿಬಿಟ್ಟರೆ ಕೆಟ್ಟಿತು. ಮುಂದಿನ ಅಂಚು ಬಾಗಿಲಿಗೆ ಸರಿಯಾಗಿ ನಿಲ್ಲಬೇಕು, ಹಿಂದೆ ಪೂರಾ 10 ಸೆಂ.ಮೀ. ಇಳಿಯಬೇಕು. ಆಗ ಹಳದಿ ಗೆರೆ ಬಾಗಿಲಿನಿಂದ 20 ಸೆಂ.ಮೀ.ಗೆ ಬಂದು ಕೂರುತ್ತದೆ. ‘ಕೊಂಡಿಗಳ ಕೆಳಗೆ ತೆರೆ ತೂಗುಹಾಕಬೇಕು’ ಎನ್ನುವುದು (ವಿಮೋಚನಕಾಂಡ 26:33) ಅಲ್ಲಿಗೇ. ತೆರೆಯ ಹಿಂದೆ ಉಳಿಯುವ ಒಳಕೋಣೆ, ಮಹಾಪವಿತ್ರ ಸ್ಥಳ, ಉದ್ದ, ಅಗಲ, ಎತ್ತರ ಮೂರರಲ್ಲೂ 10. ಇದು ಕಣ್ಣೆದುರು ಕೂಡಿಬರುವುದನ್ನು ನೋಡುವುದಕ್ಕಾದರೂ ಕಿಟ್ ಕಟ್ಟಬೇಕು. ಮೇಲಿನ ಆಡುಕೂದಲಿನ ಬಟ್ಟೆ 44ಕ್ಕೆ 30. ಅದರ ಆರು ಪರದೆಗಳ ಕಟ್ಟನ್ನು ಮುಂದಕ್ಕೆ ಹಾಕಿ 2 ಸೆಂ.ಮೀ. ಇಳಿಬಿಟ್ಟರೆ ಅದರ ಜೋಡಣೆ 22ಕ್ಕೆ ಬೀಳುತ್ತದೆ. ಎರಡು ಹೊಲಿಗೆ ಒಂದರ ಮೇಲೊಂದು ಬರುವುದಿಲ್ಲ. ಮಳೆ ಗಾಳಿಗೆ ಗುಡಾರ ಹಾಕಿ ಬಲ್ಲವರ ಲೆಕ್ಕ ಇದು.

ಇನ್ನು ಕಿಟ್ ಎಡವಿರುವ ಜಾಗ. ಪ್ರತಿ ಚೌಕಟ್ಟಿನ ಬುಡಕ್ಕೆ ಎರಡು ಕೂರುಗಳನ್ನು ಕೊಟ್ಟಿದ್ದಾರೆ, ಅದು ಸರಿ. ಆದರೆ ಆ ಕೂರುಗಳು ಇಳಿದು ನಿಲ್ಲುವ ಬೆಳ್ಳಿಯ ಗದ್ದಿಗೆಕಲ್ಲುಗಳೇ (ಎರಕದ ಅಡಿಪೀಠಗಳೇ) ಇಲ್ಲ! ಹಲಗೆಗೆ ಚಿನ್ನದ ಬಣ್ಣದ ಪಟ್ಟಿ ಬಳಿದು ತೂತು ಕೊರೆದಿದ್ದಾರೆ, ಅಷ್ಟೆ. ಇದು ಬರೀ ಬಣ್ಣದ ಪ್ರಶ್ನೆಯಲ್ಲ. ಎಣಿಕೆಯಾದ 6,03,550 ಗಂಡಸರು ತಲೆಗೆ ಅರ್ಧ ಶೆಕೆಲ್‌ ತೂಕದಂತೆ ಪ್ರಾಣದ ಈಡಾಗಿ ಬೆಳ್ಳಿ ಕೊಟ್ಟರು. ಐಶ್ವರ್ಯವಂತ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಕೊಡುವಂತಿಲ್ಲ. ಒಟ್ಟು 3,01,775 ಶೆಕೆಲ್, ಅಂದರೆ ತಲಾಂತಿಗೆ 3,000 ಶೆಕೆಲ್‌ ಲೆಕ್ಕದಲ್ಲಿ 100 ತಲಾಂತು ಮತ್ತು 1,775 ಶೆಕೆಲ್. ಆ 100 ತಲಾಂತಿನಲ್ಲಿ 100 ಗದ್ದಿಗೆಕಲ್ಲು ಎರಕ ಹೊಯ್ದರು: ಚೌಕಟ್ಟುಗಳಿಗೆ 96, ತೆರೆಯ ಕಂಬಗಳಿಗೆ 4. ಉಳಿದದ್ದು ಅಂಗಳದ ಕಂಬಗಳ ಕೊಂಡಿಗೂ ಬೋದಿಗೆಗೂ ಹೋಯಿತು. ನಿನ್ನೆಯವರೆಗೆ ಇಟ್ಟಿಗೆ ಮಾಡುತ್ತಿದ್ದ ದಾಸರ ಬಿಡುಗಡೆಯ ಈಡಿನ ಮೇಲೆ ದೇವರ ಮನೆ ನಿಂತಿದೆ. ಅದನ್ನೇ ಬಿಟ್ಟರೆ ಉಳಿಯುವುದು ಚಂದದ ಪೆಟ್ಟಿಗೆ.

ಸರಿಪಡಿಸುವುದು ಕಷ್ಟವಲ್ಲ. ಪಟ್ಟಿಗೆ ಬೆಳ್ಳಿ ಬಣ್ಣ ಬಳಿದು, ಒಣಗಿದ ಮೇಲೆ ಏಳೂವರೆ ಮಿ.ಮೀ.ಗೊಂದು ಗೆರೆ ಎಳೆಯಿರಿ. ಉದ್ದದ ಎರಡು ಬದಿಗೆ 40, 40, ಹಿಂದೆ 16. ಎಣಿಸುವ ಕೆಲಸ ಮಕ್ಕಳಿಗೆ ಬಿಡಿ. ಬಾಗಿಲಿನ ಐದು ಕಂಬಗಳ ಬುಡಕ್ಕಾದರೆ ತಾಮ್ರದ ಬಣ್ಣ. ಅಗುಳಿ ಕಡ್ಡಿಗಳು, ಬದಿಗೆ ಐದರಂತೆ 15, ಬಣ್ಣಕ್ಕೆ ಮುಂಚೆಯೇ ತೂರಿಸಿ ನೋಡಬೇಕು. ಬಣ್ಣ ತೂತಿನೊಳಗೆ ಇಳಿದರೆ ಕಡ್ಡಿ ಹೋಗುವುದಿಲ್ಲ, ಒತ್ತಿದರೆ ಮುರಿಯುತ್ತದೆ.

ಸಾಮಾನುಗಳಲ್ಲಿ ಮಂಜೂಷ, ದೇವರ ಆಜ್ಞಾಶಾಸನ ಇಡುವ ಪೆಟ್ಟಿಗೆ, ಎರಡೂವರೆ ಸೆಂ.ಮೀ. ಅಷ್ಟೆ; ಅದರ ಮೇಲಿನ ಕೆರೂಬಿ ಎಂಬ ದೇವದೂತರ ರೆಕ್ಕೆ ಬಲು ನಾಜೂಕು. ಮಂಜೂಷದ ಕೋಲುಗಳು ಸಡಿಲವಾಗಿ ಬರುತ್ತವೆ, ಅವನ್ನು ಅಂಟಿಸಿಬಿಡಿ: ತೆಗೆಯಬಾರದೆಂದೇ ಅಪ್ಪಣೆ (25:15). ಯಜ್ಞವೇದಿಗೆ ಯಾರದೋ ಉತ್ಸಾಹದಲ್ಲಿ ಮೂರು ಮೆಟ್ಟಿಲು ಸೇರಿಕೊಂಡಿವೆ. ವೇದಿಗೆ ಮೆಟ್ಟಿಲು ಕೂಡದೆಂದು 20:26 ಸ್ಪಷ್ಟವಾಗಿ ಹೇಳುತ್ತದೆ, ಕತ್ತರಿಸಿ ಹಾಕಿ. ಬಾಗಿಲು ಪೂರ್ವಕ್ಕೆ; ಒಳಗೆ ಹೋದವರ ಬಲಕ್ಕೆ ರೊಟ್ಟಿಯ ಮೇಜು, ಎಡಕ್ಕೆ ದೀಪಸ್ತಂಭ. ಸೂಚನಾ ಹಾಳೆಯ ಚಿತ್ರ ಇದನ್ನು ತಲೆಕೆಳಗು ಮಾಡಿದೆ.

ಜೊತೆಗಿರುವ ಪುಸ್ತಿಕೆ 25ನೇ ಅಧ್ಯಾಯದಿಂದ ಶುರುವಾಗುತ್ತದೆ. ಮರುಭೂಮಿಯ ದಾಸರಿಗೆ 29 ತಲಾಂತು ಚಿನ್ನ ಎಲ್ಲಿಂದ ಬಂತು ಎಂದು ಮಗುವೊಂದು ಕೇಳಿದರೆ ಅದರಲ್ಲಿ ಉತ್ತರವಿಲ್ಲ. 12:35-36 ಓದಿ: ಹೊರಡುವಾಗ ಐಗುಪ್ತದವರಿಂದ ಕೇಳಿ ಪಡೆದದ್ದು. ಅದಕ್ಕೂ ಹಿಂದೆ ಆದಿಕಾಂಡ 15:14 ಓದಿ, ಬಹಳ ಆಸ್ತಿಯೊಡನೆ ಹೊರಬರುವರೆಂದು ಅಬ್ರಹಾಮನಿಗೆ ಕೊಟ್ಟ ಮಾತು ಅಲ್ಲಿದೆ. 32ನೇ ಅಧ್ಯಾಯವನ್ನೂ ಹಾರಿಸಬೇಡಿ. ಜನ ಕಿವಿಯ ಚಿನ್ನ ಬಿಚ್ಚಿ ಬಸವನನ್ನು ಮಾಡಿಕೊಂಡ ಮೇಲೂ 35ರಲ್ಲಿ ಕೆಲಸ ಶುರುವಾಗುತ್ತದಲ್ಲ, ಪಾಠ ಇರುವುದು ಅಲ್ಲಿ.

ಹತ್ತು ವರ್ಷ ದಾಟಿದ ಮಕ್ಕಳ ಸಂಡೇ ಸ್ಕೂಲ್ ತರಗತಿಗೆ ಈ ತಿದ್ದುಪಡಿಗಳೊಂದಿಗೆ ಧಾರಾಳವಾಗಿ ಕೊಳ್ಳಬಹುದು. ಚಿಕ್ಕವರಿಗೆ ಬೇಡ, ಮಂಜೂಷ ಬಾಯಿಗೆ ಹೋಗುವ ಗಾತ್ರದ್ದು. ಚೌಕಟ್ಟಿಗೆ ಗೋಂದು ಹಚ್ಚಲೇಬೇಡಿ. ಅಗುಳಿಗಳೇ ಹಿಡಿದು ನಿಲ್ಲಿಸುತ್ತವೆ. ಗುಡಾರವನ್ನು ಕವಿದ ಮೇಘಕ್ಕೆಂದು ಕೊಟ್ಟಿರುವ ಹತ್ತಿಯನ್ನು ಎಲ್ಲ ಮುಗಿದ ಮೇಲೆ, 40:34 ಓದಿ ಇಡಿ. ಅದನ್ನೂ ಅಂಟಿಸುವ ಹಾಗಿಲ್ಲ. ಮೇಘ ಎದ್ದಾಗಲೆಲ್ಲ ಗುಡಾರ ಬಿಚ್ಚಿ ಹೊರಡಬೇಕು.