ರಾತ್ರಿ ಬೆಳಕಿನಲ್ಲಿ ಕೊಂಡ ಕಸೂತಿ ಸೀರೆ

ಹುಬ್ಬಳ್ಳಿಯ ದುರ್ಗದಬೈಲಿಗೆ ಸಂಜೆ ತಿರುಗಾಡಲು ಹೋಗಿ, ಹಾಗೆಯೇ ಪೇಟೆಯಲ್ಲಿ ಕೈ ಕಸೂತಿಯ ಇಳಕಲ್ ಸೀರೆಯೊಂದನ್ನು ಕೊಂಡು ಬರೋಣ ಎಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ತಿಂಗಳು ನಾನು 6,800 ರೂಪಾಯಿ ಕೊಟ್ಟು ಮೋಸಹೋದೆ.

ಬೆಂಗಳೂರಿನಿಂದ ಬಂದಿದ್ದ ನಾದಿನಿಗೆ ಊರು ತೋರಿಸಬೇಕಿತ್ತು. ದಾರಿಯಲ್ಲಿ ಒಂದು ಕಾಂಪೌಂಡ್ ಗೋಡೆಯ ಮೇಲೆ ಕಸೂತಿಯ ಗೋಪುರ, ತೇರು, ಅಂಬಾರಿ ಆನೆಗಳನ್ನು ಆಳೆತ್ತರಕ್ಕೆ ಬಿಡಿಸಿದ್ದರು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡ ಮೇಲೆ ಅವಳಿಗೆ ಅಂಥದೇ ಸೀರೆ ಬೇಕೆನಿಸಿತು. ಗಿರ್ಮಿಟ್, ಮಿರ್ಚಿ ಭಜಿ, ಚಹಾ ಮುಗಿಯುವ ಹೊತ್ತಿಗೆ ಎಂಟೂವರೆ ದಾಟಿತ್ತು. ಅಲ್ಲಿಗೆ ಸಮೀಪದ ಅಂಗಡಿಯೊಂದರಲ್ಲಿ ಕಣ್ಣು ಕೋರೈಸುವ ದೀಪದ ಕೆಳಗೆ ಸೀರೆಯ ಸೆರಗನ್ನು ಹರಡಿ, “ಅಕ್ಕಾರ, ಪೂರಾ ಕೈಲೇ ಹಾಕಿದ್ದು ರೀ, ಮೂರು ತಿಂಗಳ ಕೆಲಸ ಐತ್ರಿ” ಎಂದರು. ನಾನು ಸೆರಗನ್ನು ಮಗುಚಲು ಹೋದಾಗ, ಮಡಿಕೆ ಕೆಡುತ್ತದೆ ಎಂದು ಮೆಲ್ಲಗೆ ಕೈ ತಡೆದರು. ಧಾರವಾಡದಲ್ಲೇ ಹುಟ್ಟಿ ಬೆಳೆದ ನಾನು ಎಚ್ಚತ್ತುಕೊಳ್ಳಬೇಕಾಗಿದ್ದುದು ಆಗಲೇ.

ಮರುದಿನ ನಲವತ್ತು ವರ್ಷ ಕಸೂತಿ ಹಾಕಿದ ಪಕ್ಕದ ಮನೆಯ ಅಜ್ಜಿ ಸೀರೆಯನ್ನು ಅಂಗಳದ ಬಿಸಿಲಿಗೆ ಒಯ್ದು, ಮೊದಲು ಹಿಂಬದಿಯನ್ನೇ ನೋಡಿದರು. ಮುಂಬದಿಯ ಕೆಂಪು, ಹಸಿರು ಹೊಲಿಗೆಗಳ ಹಿಂದೆಲ್ಲ ಒಂದೇ ಬಿಳಿ ದಾರ ಓಡಿತ್ತು. ಅದರ ನಡುವೆ ಗಡುಸಾದ ಕಾಗದದಂಥ ಚೂರುಗಳು ಸಿಕ್ಕಿಕೊಂಡಿದ್ದವು. “ಮಷಿನ್ನಿಂದು ನೋಡವಾ” ಎಂದು ಅವರು ಆನೆಯ ಸೊಂಡಿಲ ಮೇಲೆ ಬೆರಳಿಟ್ಟರು. ಸೊಂಡಿಲು ದುಂಡಗೆ ಬಾಗಿತ್ತು. ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ಹಾಕುವುದರಿಂದ ಗೆರೆಗಳು ಅಡ್ಡ, ಉದ್ದ, ಓರೆಯಾಗಿ ಮಾತ್ರ ಹೋಗುತ್ತವೆ. ಬಾಗು ಬೇಕಾದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲಿನ ಎರಡು ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ, ದಾರಕ್ಕೆ ಗಂಟನ್ನೂ ಹಾಕುವುದಿಲ್ಲ. (ನೇಗಿ, ಮೆಂತೆಗಳ ಹಿಂಬದಿ ಬೇರೆಯಾಗಿರುತ್ತದೆ; ಅದನ್ನೇ ನೆಪ ಮಾಡಿ ವಾದಿಸುವವರೂ ಇದ್ದಾರೆ.) ಸೀರೆಯೂ ಇಳಕಲ್ಲಿನದಲ್ಲ: ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲನ್ನೂ ಸೆರಗನ್ನೂ ಕೂಡಿಸುವ ಕೊಂಡಿಯ ಸಾಲು ಇದರಲ್ಲಿ ಇರಲೇ ಇಲ್ಲ.

ಮರಳಿ ಹೋದಾಗ, ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ ಎಂದರು. ನನ್ನ ಕೈಯಲ್ಲಿದ್ದುದು ಮೊತ್ತ ಬರೆದ ತುಂಡು ಚೀಟಿ ಮಾತ್ರ, ಅದರಲ್ಲಿ ಅಂಗಡಿಯ ಹೆಸರೂ ಇಲ್ಲ, ‘ಕೈ ಕಸೂತಿ’ ಎಂಬ ಮಾತೂ ಇಲ್ಲ. ಬಿಲ್ಲು ಕೊಡದಿರುವುದೂ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಾಗಿರದಿದ್ದರೆ 30 ದಿನಗಳೊಳಗೆ ಹಿಂಪಡೆಯಲು ಒಪ್ಪದಿರುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿಗಳೇ. ಆದ್ದರಿಂದ ‘ಕೈ ಕಸೂತಿ, ಕೈಮಗ್ಗ’ ಎಂದು ಬರೆಸಿಕೊಂಡ ಬಿಲ್ಲಿಲ್ಲದೆ ಹಣ ಕೊಡಬೇಡಿ, ಸಾಧ್ಯವಾದರೆ ಹಗಲಿನಲ್ಲೇ ಕೊಳ್ಳಿರಿ. ಪುಣ್ಯಕ್ಕೆ ನಾನು ಫೋನಿನಿಂದ ಹಣ ಕಳಿಸಿದ್ದರಿಂದ ಅದರ ದಾಖಲೆ ಉಳಿದಿತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ.

ವಾರದ ನಂತರ ಅಂಗಡಿಯಿಂದ ಕರೆ ಬಂತು, ಬದಲಿಗೆ ಬೇರೆ ಸೀರೆ ಕೊಡುತ್ತೇವೆಂದರು. ಮಧ್ಯಾಹ್ನ ಹೋಗಿ ಅದನ್ನು ಬಾಗಿಲ ಬಳಿ ತಂದು ಮಗುಚಿ ನೋಡಿದೆ. ಹಿಂದೆ ಅದೇ ಬಿಳಿ ದಾರ.