ಎಚ್ಚರಿಕೆ: ರಾಕ್ ಫೆಸ್ಟಿವಲ್‌ನಲ್ಲಿ ಕೆಟ್ಟಿದ್ದು ಸೌಂಡ್, ಬೈಸಿಕೊಂಡಿದ್ದು ಬ್ಯಾಂಡ್

ಎರಡು ದಿನದ ಒಂದು ರಾಕ್ ಫೆಸ್ಟಿವಲ್ ಮುಗಿದು ಜನ ಮನೆ ಸೇರುವಷ್ಟರಲ್ಲಿ ತೀರ್ಪು ಹೊರಬಿದ್ದಿತ್ತು: ಶನಿವಾರ ಮಧ್ಯಾಹ್ನದ ಡ್ರಮ್ಮರ್‌ಗೆ ಲಯವಿಲ್ಲ, ಭಾನುವಾರದ ಗಾಯಕಿಗೆ ಶ್ರುತಿಯಿಲ್ಲ, ಕೊನೆಯ ಬ್ಯಾಂಡ್ ಅರ್ಧಕ್ಕೇ ಎದ್ದುಹೋಯಿತು. ಆದರೆ ಎಲ್ಲ ಮೈಕುಗಳ ಶಬ್ದ ಬೆರೆಸಿ ಹದಮಾಡುವ ಮಿಕ್ಸರ್ ಪಕ್ಕ ನಿಂತವರ ಕಿವಿಗೆ ಅದೇ ಡ್ರಮ್ಮರ್ ಗಡಿಯಾರದ ಹಾಗೆ ಬಾರಿಸುತ್ತಿದ್ದ. ಕೆಟ್ಟಿದ್ದು ವ್ಯವಸ್ಥೆ. ಕೆಟ್ಟ ಹೆಸರು ಬಂದಿದ್ದು ಕಲಾವಿದರಿಗೆ. ಇಂಥದ್ದಕ್ಕೆ ದುಡ್ಡು ಕೊಟ್ಟು ಹೋಗುವವರು ಯಾವುದು ಯಾರ ತಪ್ಪು ಎಂದು ತಿಳಿದಿರಬೇಕು.

ಮೊದಲು ಡ್ರಮ್ಮರ್ ವಿಷಯ. ದೊಡ್ಡ ಮೈದಾನದಲ್ಲಿ ವೇದಿಕೆಯ ಸ್ಪೀಕರ್‌ಗಳು ಹಿಂದಿನವರನ್ನು ಸರಿಯಾಗಿ ಮುಟ್ಟುವುದಿಲ್ಲ. ಅದಕ್ಕೇ ನಡುವೆ ಕಂಬ ನಿಲ್ಲಿಸಿ ಇನ್ನೊಂದು ಜೊತೆ ಸ್ಪೀಕರ್ ಕಟ್ಟುತ್ತಾರೆ, ಅದು ಡಿಲೇ ಟವರ್. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ವೇದಿಕೆಯಿಂದ 60 ಮೀಟರ್ ದೂರದ ಟವರ್ ಹತ್ತಿರ ಬರಲು ಅದಕ್ಕೆ ಸುಮಾರು 175 ಮಿಲಿಸೆಕೆಂಡ್ ಬೇಕು. ತಂತಿಯೊಳಗಿನ ಸಿಗ್ನಲ್ ಮಾತ್ರ ತಕ್ಷಣ ತಲುಪಿಬಿಡುತ್ತದೆ. ಹಾಗಾಗಿ ಟವರಿನ ಶಬ್ದವನ್ನು ಅಷ್ಟೇ ಹೊತ್ತು, ಒಂದಿಷ್ಟು ಹೆಚ್ಚೇ ತಡೆಹಿಡಿದು ಬಿಡಬೇಕು. ಶನಿವಾರ ಇದನ್ನು ಹೊಂದಿಸಿರಲಿಲ್ಲ. ಟವರಿನ ಹಿಂದಿದ್ದವರಿಗೆ ಸ್ನೇರ್ ಎಂಬ ಡ್ರಮ್ ಮೇಲೆ ಬಿದ್ದ ಒಂದೊಂದು ಪೆಟ್ಟೂ ‘ಟಪ್’ ಎಂದು ಹತ್ತಿರದಿಂದ ಕೇಳಿ, ಮತ್ತೊಮ್ಮೆ ‘ಟಪ್’ ಎಂದು ದೂರದಿಂದ ಕೇಳಿತು. ವೇಗದ ಹಾಡಿನಲ್ಲಿ ಈ ಎರಡನೇ ಪೆಟ್ಟು ಎರಡು ತಾಳದ ನಡುವೆ ಬಂದು ಬೀಳುತ್ತದೆ. ಆಮೇಲೆ ಎಂಥ ಡ್ರಮ್ಮರ್ ಆದರೂ ಎಡವಿದ ಹಾಗೇ ಕೇಳಿಸುತ್ತಾನೆ.

ಪರೀಕ್ಷೆ ಸುಲಭ. ಹಾಡು ಶುರುವಾಗುವ ಮುನ್ನ ಡ್ರಮ್ಮರ್ ಕಡ್ಡಿಗೆ ಕಡ್ಡಿ ತಟ್ಟಿ ನಾಲ್ಕು ಎಣಿಸುತ್ತಾನಲ್ಲ, ಅದು ಎಂಟಾಗಿ ಕೇಳಿದರೆ ಜಾಗ ಬಿಡಿ. ಟವರ್‌ಗಿಂತ ಮುಂದೆ, ಅದರ ಬೆನ್ನು ನಿಮ್ಮ ಕಡೆ ಇರುವಲ್ಲಿಗೆ ಬನ್ನಿ. ಕೋಲು ಬಿದ್ದದ್ದು ಕಂಡು ಸ್ವಲ್ಪ ತಡವಾಗಿ ಶಬ್ದ ಬರುವುದು ಬೇರೆ ಮಾತು. 100 ಮೀಟರ್ ದೂರದಲ್ಲಿ ಸುಮಾರು 0.3 ಸೆಕೆಂಡಿನಷ್ಟು ತಡ ಇದ್ದೇ ಇರುತ್ತದೆ. ಅದು ಯಾರ ತಪ್ಪೂ ಅಲ್ಲ.

ಎರಡನೆಯದು ವೇಳಾಪಟ್ಟಿ, ಎಲ್ಲ ಕೆಟ್ಟದ್ದರ ಬೇರು ಇದೇ. ಒಂದೇ ವೇದಿಕೆ, ಬ್ಯಾಂಡ್‌ನಿಂದ ಬ್ಯಾಂಡ್‌ಗೆ 15 ನಿಮಿಷ. ಡ್ರಮ್ ಕಿಟ್ ಒಂದಕ್ಕೇ ಎಂಟು-ಹತ್ತು ಮೈಕ್ ಬೇಕಾಗುತ್ತದೆ. ಹಳೆಯದನ್ನು ಇಳಿಸಿ, ಹೊಸದನ್ನು ಏರಿಸಿ, ತಂತಿ ಸಿಕ್ಕಿಸಿ, ಪ್ರತಿ ಮೈಕಿನಲ್ಲೂ ಶಬ್ದ ಬರುತ್ತಿದೆಯೇ ಎಂದು ನೋಡುವಷ್ಟರಲ್ಲಿ ಅಷ್ಟು ಹೊತ್ತು ಮುಗಿದಿರುತ್ತದೆ. ಈ ಕೊನೆಯ ಕೆಲಸಕ್ಕೆ ಲೈನ್ ಚೆಕ್ ಎನ್ನುತ್ತಾರೆ. ಹಾಡು ನುಡಿಸಿ ಹದ ಮಾಡುವ ಸೌಂಡ್ ಚೆಕ್ ಸಾಮಾನ್ಯವಾಗಿ ಮುಖ್ಯ ಬ್ಯಾಂಡ್‌ಗೆ ಮಾತ್ರ ಸಿಗುತ್ತದೆ. ಉಳಿದವರಿಗೆ ಮೊದಲ ಎರಡು ಹಾಡೇ ಸೌಂಡ್ ಚೆಕ್. ದನಿ ಮುಳುಗುವುದು, ಬೇಸ್ ಗುಡುಗುವುದು, ಒಂದು ಗಿಟಾರ್ ಕೇಳಿಸದೇ ಇರುವುದು ಎಲ್ಲ ಆಗಲೇ. 30 ನಿಮಿಷದ ಅವಕಾಶದಲ್ಲಿ ಆರೇಳು ಹಾಡು ಹಿಡಿಯುತ್ತವೆ, ಅದರಲ್ಲಿ ಎರಡು ಹೀಗೆ ಹೋಗಿಬಿಡುತ್ತವೆ. ಮೂರನೇ ಹಾಡಿನಿಂದ ಬೆಲೆ ಕಟ್ಟಿ. ನಾಲ್ಕನೆಯದರಲ್ಲೂ ಕಲಸುಮೇಲೋಗರವೇ ಆಗಿದ್ದರೆ ಮಿಕ್ಸರ್ ಮುಂದಿರುವವರನ್ನು ಕೇಳಬೇಕೇ ಹೊರತು ಬ್ಯಾಂಡನ್ನಲ್ಲ.

ಪ್ರತಿ ಬದಲಾವಣೆಯಲ್ಲೂ ಐದು-ಹತ್ತು ನಿಮಿಷ ಜಾರಿ ಜಾರಿ, ಅಷ್ಟೂ ಸಾಲ ಕೊನೆಯ ಬ್ಯಾಂಡಿನ ತಲೆಗೆ ಬಿತ್ತು. ರಾತ್ರಿ ಶಬ್ದ ನಿಲ್ಲಿಸಬೇಕಾದ ಗಂಟೆ ಕದಲುವುದಿಲ್ಲ. 90 ನಿಮಿಷ ನುಡಿಸಬೇಕಿದ್ದವರು 50ಕ್ಕೆ ಇಳಿದರು. ‘ಅರ್ಧಕ್ಕೇ ಎದ್ದುಹೋದರು’ ಎಂದು ಕೂಗಿದವರಿಗೆ ಇದನ್ನು ಹೇಳುವವರೇ ಇರಲಿಲ್ಲ.

ಇನ್ನು ಗಾಯಕಿ. ಆಕೆ ಹಾಡುತ್ತಲೇ ಕಾಲ ಬಳಿಯ ಪೆಟ್ಟಿಗೆ ತೋರಿಸಿ, ಬೆರಳನ್ನು ಮೇಲಕ್ಕೆ ಎತ್ತುತ್ತಿದ್ದಳು. ಒಂದು ಸಲವಲ್ಲ, ಹಾಡಿಗೆ ಮೂರು-ನಾಲ್ಕು ಸಲ. ಆ ಪೆಟ್ಟಿಗೆ ಮಾನಿಟರ್, ಆ ಸನ್ನೆಗೆ ಅರ್ಥ ‘ನನ್ನ ದನಿ ನನಗೇ ಕೇಳುತ್ತಿಲ್ಲ, ಏರಿಸಿ’. ತನ್ನ ದನಿ ಕೇಳದವರು ಕಿರುಚುತ್ತಾರೆ, ಕಿರುಚಿದಾಗ ಶ್ರುತಿ ಜಾರುತ್ತದೆ. ಒಂದೇ ಗಿಟಾರ್ ಇರುವ ಮೆಲ್ಲನೆಯ ಭಾಗಕ್ಕೆ ಕಾಯಿರಿ. ಅಲ್ಲಿ ಸ್ವರ ನೇರವಾಗಿ ನಿಂತರೆ ತಪ್ಪು ಮಾನಿಟರಿನದು, ಅಲ್ಲೂ ಜಾರಿದರೆ ಹಾಡುವವರದು. ಭಾನುವಾರದ ಗಾಯಕಿ ಅಂಥ ಭಾಗದಲ್ಲಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಬಿಸಿಲಲ್ಲಿ ಗಿಟಾರ್ ತಂತಿ ಕಾದು ಹಿಗ್ಗಿ ಶ್ರುತಿ ಇಳಿಯುವುದೂ ಇದೆ. ಹಾಡುಗಳ ನಡುವೆ ನಿಂತು ಶ್ರುತಿ ಮಾಡಿಕೊಳ್ಳುವ ಬ್ಯಾಂಡಿಗೆ ದಯವಿಟ್ಟು ಕೂಗಬೇಡಿ, ಅವರು ನಿಮ್ಮ ಕಿವಿಯನ್ನೇ ಗೌರವಿಸುತ್ತಿದ್ದಾರೆ.

ಬ್ಯಾಂಡಿನದೇ ಅನ್ನಬಹುದಾದ್ದು ಬೇರೆ ಇದೆ. ಪಲ್ಲವಿಗೆ ಬಂದಾಗಲೆಲ್ಲ ವೇಗ ಏರುತ್ತಿದೆಯೇ? ನಿಂತು ಮತ್ತೆ ಶುರುವಾಗುವಲ್ಲಿ ಎಲ್ಲರೂ ಒಟ್ಟಿಗೆ ಇಳಿದರೇ? ಮೆಲ್ಲಗೆ ನುಡಿಸಬೇಕಾದಲ್ಲಿ ನಿಜಕ್ಕೂ ಮೆಲ್ಲಗಾದರೇ? ಎತ್ತರದ ಸ್ವರ ಬಂದಾಗೆಲ್ಲ ಮೈಕ್ ಜನರ ಕಡೆ ತಿರುಗುತ್ತದೆಯೇ? ಮೈಕ್ ಬಾಯಿಂದ ದೂರ ಸರಿದರೂ ದನಿ ಅಷ್ಟೇ ಗಟ್ಟಿಯಾಗಿದ್ದರೆ ಅದು ಮೊದಲೇ ಮುದ್ರಿಸಿದ್ದು. ಶನಿವಾರ ಒಂದು ಗಿಟಾರ್ ಆಂಪ್ (ಗಿಟಾರಿನ ಶಬ್ದ ಏರಿಸುವ ಪೆಟ್ಟಿಗೆ) ಸತ್ತಾಗ ಬೇಸ್ ಮತ್ತು ಡ್ರಮ್ ಇಬ್ಬರೇ ಸುಮಾರು ಎರಡು ನಿಮಿಷ ಹಾಡನ್ನು ಹೊತ್ತು ನಿಂತರು. ಅಷ್ಟೊಂದು ಜನ ‘ದಂಡ’ ಎಂದದ್ದು ಆ ಬ್ಯಾಂಡಿಗೇ.

ಜಾಗದ ಬಗ್ಗೆ: ಮಿಕ್ಸರ್ ಅಕ್ಕಪಕ್ಕವೇ ಒಳ್ಳೆಯದು, ಸೌಂಡ್ ಹದವಾಗುವುದು ಆ ಜಾಗದ ಕಿವಿಗೆ. ಮೊದಲ ಸಾಲಿನಲ್ಲಿ ಡ್ರಮ್, ಆಂಪ್ ನೇರವಾಗಿ ಬಡಿಯುತ್ತವೆ, ದನಿ ತಲೆ ಮೇಲೆ ಹಾದುಹೋಗುತ್ತದೆ. ಎಡ-ಬಲ ಬೇಸ್ ಹೊರಡಿಸುವ ಸಬ್‌ವೂಫರ್ ಇಟ್ಟಲ್ಲಿ ನಟ್ಟನಡುವೆ ಬೇಸ್ ಎದೆ ಗುದ್ದುತ್ತದೆ, ಪಕ್ಕಕ್ಕೆ ಸರಿದರೆ ಕೆಲವೆಡೆ ಮಾಯವೇ ಆಗುತ್ತದೆ. ಐದಾರು ಹೆಜ್ಜೆ ಆಚೀಚೆ ನಡೆದು ನೋಡಿ.

ಕಿವಿಯ ವಿಷಯ ತಮಾಷೆಯಲ್ಲ. ಜನ ಸೇರುವ ಸಂಗೀತದ ಜಾಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಟ್ಟ ಮಿತಿ, 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್. ದಿನವಿಡೀ ಅಷ್ಟು ಶಬ್ದ ತಿಂದ ಕಿವಿ ರಾತ್ರಿ ಗುಂಯ್‌ಗುಡುತ್ತದೆ, ಮೇಲಿನ ಸ್ವರಗಳು ಮಂಕಾಗುತ್ತವೆ. ಅದೇ ಕಿವಿ ಹೊತ್ತು ಭಾನುವಾರ ಬಂದವರೇ ‘ಡ್ರಮ್ಮಿನ ಸಿಂಬಲ್ ತಟ್ಟೆ ಕೇಳಲಿಲ್ಲ, ಮಾತು ಸ್ಪಷ್ಟವಿಲ್ಲ’ ಎಂದು ದೂರಿದ್ದು. ಫೋಮ್ ಇಯರ್‌ಪ್ಲಗ್ ಆದರೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆಳೆದು, ಒಳಗಿಟ್ಟು 30 ಸೆಕೆಂಡ್ ಒತ್ತಿಹಿಡಿಯಿರಿ. ಸುಮ್ಮನೆ ತುರುಕಿದರೆ ಪ್ರಯೋಜನವಿಲ್ಲ. ಹಾಡು ತೂಗಿ ನೋಡಬೇಕೆನ್ನುವವರಿಗೆ ಎಲ್ಲ ಸ್ವರವನ್ನೂ ಸಮನಾಗಿ ತಗ್ಗಿಸುವ, ಸಂಗೀತಗಾರರು ಬಳಸುವ ಬಗೆಯದು ಮೇಲು.

ಭಾನುವಾರ ರಾತ್ರಿ ವೇದಿಕೆ ಮುಂದಿನ ಜಾಗಕ್ಕೆ ನಡುವೆ ಅಡ್ಡಗಟ್ಟೆಯೇ ಇರಲಿಲ್ಲ, ಹಿಂದಿನ ಒತ್ತಡವೆಲ್ಲ ಮುಂದಿನ ಸಾಲಿನ ಮೇಲೆ ಬಂತು. 2000ದ ಜೂನ್ 30ರಂದು ಡೆನ್ಮಾರ್ಕಿನ ರಾಸ್ಕಿಲ್ಡ ಫೆಸ್ಟಿವಲ್‌ನಲ್ಲಿ ವೇದಿಕೆ ಮುಂದಿನ ಇಂಥದ್ದೇ ನೂಕಿನಲ್ಲಿ ಒಂಬತ್ತು ಜನ ಸತ್ತರು. ನಾಲ್ಕೂ ಕಡೆಯಿಂದ ಮೈ ತಾಗುತ್ತಿದ್ದರೆ, ನೀವಾಗಿ ಹೆಜ್ಜೆ ಇಡದೆಯೇ ಗುಂಪು ನಿಮ್ಮನ್ನು ಒಯ್ಯುತ್ತಿದ್ದರೆ, ಹಾಡು ಯಾವುದೇ ಇರಲಿ ಹೊರಡಿ. ಕೈ ಎದೆ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಳ್ಳಿ, ನೂಕಿಗೆ ಎದುರು ನೂಕಬೇಡಿ, ಅದು ಸಡಿಲಾದಾಗ ಓರೆಯಾಗಿ ಪಕ್ಕಕ್ಕೆ ಸರಿಯಿರಿ. ಯಾರಾದರೂ ಬಿದ್ದರೆ ಮೊದಲು ಎತ್ತಿ. ಇದನ್ನು ಕಂಡು ಹಾಡು ನಿಲ್ಲಿಸುವ ಬ್ಯಾಂಡಿಗೆ ಪೂರ್ತಿ ಅಂಕ.

ಟಿಕೆಟ್ ಕೊಳ್ಳುವ ಮೊದಲು ನಿಮಿಷ ಸಮೇತ ವೇಳಾಪಟ್ಟಿ ಕೇಳಿ. ಒಂದೇ ವೇದಿಕೆಗೆ 15 ನಿಮಿಷದ ಅಂತರ ಕಂಡರೆ ಬಿಟ್ಟುಬಿಡಿ, ಎರಡು ವೇದಿಕೆ ಸರದಿಯಲ್ಲಿ ನಡೆದರೆ ಪರವಾಗಿಲ್ಲ. ರಾತ್ರಿ ಎಷ್ಟಕ್ಕೆ ಶಬ್ದ ನಿಲ್ಲಬೇಕು, ಗಾಳಿ-ಮಿಂಚು ಬಂದರೆ ವೇದಿಕೆ ಖಾಲಿ ಮಾಡುವ ನಿರ್ಧಾರ ಯಾರದು, ಕುಡಿಯುವ ನೀರು ಎಷ್ಟು ಕಡೆ ಎಂದೂ ಕೇಳಿ. ಟಿಕೆಟ್‌ನಲ್ಲಿ ‘ಕಾರ್ಯಕ್ರಮ ಬದಲಾಗಬಹುದು’ ಎಂಬ ಸಾಲಿದ್ದರೆ ಹಾಡು ಮೊಟಕಾದದ್ದಕ್ಕೆ ದುಡ್ಡು ವಾಪಸ್ ಸಿಗುವುದು ಕಷ್ಟ. ಆದರೂ ಪ್ರಕಟವಾದ ವೇಳಾಪಟ್ಟಿಯ ಚಿತ್ರ ತೆಗೆದಿಟ್ಟುಕೊಳ್ಳಿ, ಪ್ರತಿ ಬ್ಯಾಂಡ್ ಏರಿದ, ಇಳಿದ ಹೊತ್ತನ್ನು ಪಕ್ಕದಲ್ಲೇ ಬರೆಯಿರಿ. ದೂರು ಕೊಡಲು ನಿಮ್ಮ ಕೈಯಲ್ಲಿ ಉಳಿಯುವುದು ಅದೊಂದೇ.